ಹಾರ್ಟ್ ಅಟ್ಯಾಕ್ ಆದಮೇಲೆ ಮರೆವು: ಬರೀ ವಯಸ್ಸಿನದ್ದಾ?

ತಾಯಿಗೆ 71 ವರ್ಷ, ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು, ಈಗ ಮರೆವು ಜಾಸ್ತಿಯಾಗಿದೆ, ಎರಡಕ್ಕೂ ಸಂಬಂಧ ಇದೆಯಾ ಅಂತ ಕೇಳಿದ್ದೀರಿ. ಇರಬಹುದು. ನಾನು ಡಾಕ್ಟರ್ ಅಲ್ಲ. ಅಪ್ಪನನ್ನು ನೋಡಿಕೊಳ್ಳುತ್ತಾ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಅಪ್ಪ ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಲೆಕ್ಕ ಬರೆಯುತ್ತಿದ್ದವರು. ಸಾಲಿನ ಮೇಲೆ ಬೆರಳು ಓಡಿಸಿದರೆ ಸಾಕು, ಮೊತ್ತ ಬಾಯಲ್ಲಿರುತ್ತಿತ್ತು. ಹೃದಯದ ನಾಳ ತೆರೆದಿಡುವ ಸ್ಟೆಂಟ್ ಹಾಕಿಸಿ ಒಂದೂವರೆ ವರ್ಷವಾಗಿತ್ತು. ಒಂದು ದಿನ ಹಾಲಿನ ಲೆಕ್ಕಕ್ಕೆ ಕೂತವರು ಅರ್ಧ ಗಂಟೆಯಾದರೂ ಏಳಲಿಲ್ಲ. ಒಂದೇ ಚೀಟಿಯಲ್ಲಿ ಮೂರು ಸಲ ಕೂಡಿ ಮೂರು ಉತ್ತರ ಬರೆದಿದ್ದರು. ಹೆಸರು, ಮುಖ, ಹಳೇ ಕಥೆ ಎಲ್ಲಾ ನೆನಪಿತ್ತು. ಹಾಗಾಗಿ ನಮಗೆ ಅನುಮಾನವೇ ಬಂದಿರಲಿಲ್ಲ. ರಕ್ತನಾಳದ ತೊಂದರೆಯಿಂದ ಮಿದುಳು ಸೊರಗಿದರೆ ಎಷ್ಟೋ ಸಲ ನೆನಪಿಗಿಂತ ಮೊದಲು ಯೋಚನೆಯ ಚುರುಕು ಕಡಿಮೆಯಾಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಮಿದುಳಿನ ತೂಕ ದೇಹದ 2% ಅಷ್ಟೇ. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು 15% ಅದಕ್ಕೇ ಹೋಗುತ್ತದೆ. ಹೃದಯ ಸೋತರೆ ಅಲ್ಲಿಗೂ ಕೊರತೆ. ಬಿಪಿ, ಶುಗರ್ ಹೃದಯದ ನಾಳ ಕೆಡಿಸುವ ಹಾಗೇ ಮಿದುಳಿನ ಕೂದಲೆಳೆಯಂಥ ನಾಳಗಳನ್ನೂ ಕೆಡಿಸುತ್ತವೆ. ಎದೆಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಚೂರು ಮಿದುಳಿಗೆ ಹೋಗಿ, ಯಾರಿಗೂ ಗೊತ್ತಾಗದಂಥ ಸಣ್ಣ ಸ್ಟ್ರೋಕ್ ಆಗಬಹುದು. ಇಸಿಜಿಯಲ್ಲಿ ಇದನ್ನು ಹುಡುಕಿದ್ದಾರಾ ಅಂತ ಕೇಳಿ.

ನನಗೆ ತುಂಬಾ ಭಯ ಹುಟ್ಟಿಸಿದ್ದು ಮಾತ್ರೆ ಡಬ್ಬಿ. ಶುಕ್ರವಾರ ತೆರೆದರೆ ಮಂಗಳವಾರದ ಮನೆ ಹಾಗೇ ತುಂಬಿತ್ತು. ಮರೆವಿಗೆ ಮಾತ್ರೆ ತಪ್ಪುತ್ತದೆ, ಮಾತ್ರೆ ತಪ್ಪಿದರೆ ಬಿಪಿ ಏರುತ್ತದೆ, ಬಿಪಿ ಏರಿದರೆ ಮಿದುಳಿಗೆ ಮತ್ತೆ ಪೆಟ್ಟು. ಈಗ ಅಮ್ಮ ತಿಂಡಿ ತಟ್ಟೆಯ ಜೊತೆಗೇ ಮಾತ್ರೆ ಕೊಡುತ್ತಾರೆ.

ಬಿಪಿ ಹಿಡಿತದಲ್ಲಿಟ್ಟರೆ ಉಪಯೋಗ ಇದೆ. ಅಮೆರಿಕದಲ್ಲಿ 9,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಸ್ಪ್ರಿಂಟ್ ಮೈಂಡ್ ಅಧ್ಯಯನ 2019ರಲ್ಲಿ ಹೊರಬಂತು. ಮೇಲಿನ ಬಿಪಿಯನ್ನು 140ರ ಬದಲು 120ರೊಳಗೆ ಇಡಲು ಚಿಕಿತ್ಸೆ ಪಡೆದವರಲ್ಲಿ ಮರೆವಿನ ಆರಂಭದ ಹಂತ ಸುಮಾರು 19% ಕಡಿಮೆ ಕಂಡಿತು. ಹಾಗಂತ ನೀವಾಗಿಯೇ ಡೋಸ್ ಏರಿಸಬೇಡಿ, ಬಿಪಿ ತೀರಾ ಇಳಿದರೆ ತಲೆ ಸುತ್ತಿ ಬಿದ್ದುಬಿಡುತ್ತಾರೆ. ಮರೆವಿಗೆ ಬೇರೆ ಕಾರಣವೂ ಇರಬಹುದು, ಹಾಗಾಗಿ ಬಿ12 ವಿಟಮಿನ್, ಥೈರಾಯ್ಡ್, ಕಿವಿ ಸರಿಯಾಗಿ ಕೇಳಿಸುತ್ತದಾ ಎಲ್ಲವನ್ನೂ ನೋಡಿಸಿ. ಮನಸ್ಸು ಕುಗ್ಗಿದೆಯಾ ಅಂತಲೂ ಗಮನಿಸಿ, ಹಾರ್ಟ್ ಅಟ್ಯಾಕ್ ಆದವರಲ್ಲಿ ಅದು ಸಾಮಾನ್ಯ.

ಚೆಕಪ್‌ಗೆ ಹೋದಾಗ ನೀವೂ ಒಳಗೆ ಹೋಗಿ. ಅಪ್ಪ ಪ್ರತಿ ಸಲ "ಎಲ್ಲಾ ಆರಾಮ" ಅಂದು ಎದ್ದು ಬರುತ್ತಿದ್ದರು. ನಾನು ಆ ಹಾಲಿನ ಚೀಟಿ ಮೇಜಿನ ಮೇಲಿಟ್ಟ ದಿನವೇ ಡಾಕ್ಟರು ನರರೋಗ ತಜ್ಞರಿಗೆ ಬರೆದುಕೊಟ್ಟರು.