ಈಜು ಬರುತ್ತದೆ, ಆದರೂ ಹೊಳೆಯ ಬಂಡೆ ಮೇಲೆ ಗಾಳ ಹಾಕಲು ಲೈಫ್ ಜಾಕೆಟ್ ಬೇಕಾ?

ನೀವು ಕೇಳಿದ್ದು ಇಷ್ಟು. ಕೆಲಸದ ಮೇಲೆ ಕುಶಾಲನಗರಕ್ಕೆ ಬಂದಿದ್ದೀರಿ. ಭಾನುವಾರ ಮೂರ್ನಾಲ್ಕು ಗೆಳೆಯರು ಸೇರಿ ಕಾವೇರಿಯ ಬಂಡೆಗಳ ಮೇಲೆ ಕೂತು ಗಾಳ ಹಾಕುತ್ತೀರಿ. ಎಲ್ಲರಿಗೂ ಈಜು ಬರುತ್ತದೆ. ಆದರೂ ಮನೆಯವರು ಲೈಫ್ ಜಾಕೆಟ್ ಇಲ್ಲದೆ ಹೋಗಬೇಡಿ ಅಂತ ಹಟ ಹಿಡಿದಿದ್ದಾರೆ, ಬೇಸಿಗೆಯಲ್ಲಿ ಸೊಂಟದ ಮಟ್ಟ ನೀರಿರುವ ಹೊಳೆಗೆ ಇದೆಲ್ಲ ಅತಿಯಾಯ್ತು ಅಲ್ವಾ ಅಂತ. ಜೊತೆಗೆ ಡಿಸೆಂಬರಿನಲ್ಲಿ ಕಣ್ಣೂರು ಕಡೆ ಸಮುದ್ರದ ಬಂಡೆಗೂ ಹೋಗುವ ಯೋಚನೆ.

ಜಾಕೆಟ್ ಬೇಕು. ಮನೆಯವರು ಹೇಳಿದ್ದೇ ಸರಿ. ಆದರೆ ಜಾಕೆಟ್ ಹಾಕಿಬಿಟ್ಟರೆ ಮುಗಿಯಿತು ಅನ್ನುವುದೂ ಸರಿಯಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾನು ಸಿದ್ದಾಪುರದ ಕಡೆಯವನು. ಗಾಳ ಹಾಕುವುದು ಕಲಿಸಿದ್ದು ನನ್ನ ಸೋದರಮಾವ. ಇಪ್ಪತ್ತು ದಾಟಿದ ಹೊಸದರಲ್ಲಿ, ಒಂದು ಮಾರ್ಚ್ ತಿಂಗಳು, ಇಬ್ಬರೂ ಸಂಜೆ ಹೊಳೆಗೆ ಹೋಗಿದ್ದೆವು. ತೋಟದ ಕೆಲಸ ಮುಗಿಸಿ ನೇರ ಹೋದದ್ದು, ಕಾಲಲ್ಲಿ ಅದೇ ಗಂಬೂಟು. ತಳ ಸವೆದು ಚಪ್ಪಟೆಯಾಗಿತ್ತು. ಒಂದು ಬಂಡೆಯಿಂದ ಇನ್ನೊಂದಕ್ಕೆ ದಾಟುವಾಗ ಪಾಚಿ ಮೇಲೆ ಕಾಲು ಜಾರಿ ನೀರಿಗೆ ಬಿದ್ದೆ. ನೀರು ಸೊಂಟದ ಮಟ್ಟವೇ. ಬಿದ್ದ ತಕ್ಷಣ ಯಾರೇ ಆದರೂ ಮಾಡುವುದನ್ನೇ ಮಾಡಿದೆ, ಎದ್ದು ನಿಲ್ಲಲು ನೋಡಿದೆ. ಬಲಗಾಲು ಕೆಳಗಿನ ಎರಡು ಕಲ್ಲುಗಳ ಸಂದಿಗೆ ಹೋಗಿ ಸಿಕ್ಕಿಕೊಂಡಿತು. ಹಿಂದಿನಿಂದ ಸೆಳವು ಬೆನ್ನಿಗೆ ಒತ್ತುತ್ತಿದೆ, ಕಾಲು ಬರುತ್ತಿಲ್ಲ, ಮೈ ಮುಂದಕ್ಕೆ ಮಡಚಿ ಮುಖ ನೀರೊಳಗೆ ಹೋಗುತ್ತಿದೆ. ಈಜು ನನಗೆ ಚೆನ್ನಾಗಿಯೇ ಬರುತ್ತಿತ್ತು. ಕಾಲು ಸಿಕ್ಕಿದವನಿಗೆ ಈಜು ಏನು ಮಾಡುತ್ತದೆ?

ಮಾವ ಹಾರಲಿಲ್ಲ. ಬಂಡೆ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ ಬಿದಿರಿನ ಕೋಲು ಚಾಚಿದರು. ಅದನ್ನು ಹಿಡಿದು ತಲೆ ಮೇಲಿಟ್ಟುಕೊಂಡು ಒದ್ದಾಡುತ್ತಾ ಇದ್ದಾಗ ಕಾಲು ಬೂಟಿನಿಂದ ಹೊರಗೆ ಬಂತು. ಬೂಟು ಅಲ್ಲೇ ಉಳಿಯಿತು, ಇವತ್ತಿಗೂ ಅಲ್ಲೇ ಇರಬಹುದು. ನನಗಿಂತ ಚೆನ್ನಾಗಿ ಈಜುವ ಮನುಷ್ಯ ನೀರಿಗೆ ಇಳಿಯಲಿಲ್ಲವಲ್ಲ ಅಂತ ನನಗೆ ಒಳಗೊಳಗೇ ಬೇಜಾರು. ದಾರಿಯಲ್ಲಿ ಕೇಳಿಯೇಬಿಟ್ಟೆ. "ಇಬ್ಬರೂ ಹೋಗಿದ್ದರೆ ನಿನ್ನ ಅಮ್ಮನಿಗೆ ಯಾರು ಹೋಗಿ ಹೇಳುವುದು?" ಅಂದರು, ಅಷ್ಟೇ. ಮತ್ತೆ ಆ ಮಾತೆತ್ತಲಿಲ್ಲ.

ಹಾಗಾಗಿ ನಿಮ್ಮ ಸೊಂಟದ ಮಟ್ಟದ ನೀರಿಗೆ ನನ್ನ ಉತ್ತರ ಇದು. ಹೊಳೆಯಲ್ಲಿ ಆಳಕ್ಕಿಂತ ಓಟ ಅಪಾಯ. ನೀರಿನ ವೇಗ ಎರಡು ಪಟ್ಟಾದರೆ ಅದು ಮೈಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಒಂದು ಘನ ಮೀಟರ್ ನೀರೆಂದರೆ 1000 ಕಿಲೋ. ಮೊಣಕಾಲು ದಾಟಿದ ಓಡುವ ನೀರಲ್ಲಿ ನಿಂತು ನೋಡಿದವರಿಗೆ ಇದನ್ನು ಲೆಕ್ಕ ಹಾಕಿ ಹೇಳಬೇಕಾಗಿಲ್ಲ. ಬಿದ್ದರೆ ನಿಲ್ಲಲು ಹೋಗಬೇಡಿ, ನೀರು ಮೊಣಕಾಲಿಗಿಂತ ಕೆಳಗೆ ಬರುವವರೆಗೂ ಬೇಡ. ಅಂಗಾತ ಮಲಗಿ, ಕಾಲು ನೀರು ಹೋಗುವ ಕಡೆ, ಪಾದ ನೀರಿನ ಮೇಲ್ಮಟ್ಟಕ್ಕೆ ಹತ್ತಿರ. ಬಂಡೆ ಬಂದರೆ ಕಾಲು ತಗುಲಲಿ, ತಲೆ ಬೇಡ. ಹಾಗೇ ಕೈ ಬೀಸುತ್ತಾ ಓರೆಯಾಗಿ ದಡದ ಕಡೆ ಸರಿಯಿರಿ, ಸೆಳವಿಗೆ ಎದುರಾಗಿ ಈಜಿ ಸುಸ್ತಾಗಬೇಡಿ. ಇದಕ್ಕೆ ಒಂದೇ ಒಂದು ಅಪವಾದ, ಮುಂದೆ ಹೊಳೆಗೆ ಅಡ್ಡ ಬಿದ್ದ ಮರ ಇದ್ದರೆ. ಕೊಂಬೆಗಳ ನಡುವೆ ನೀರು ದಾಟುತ್ತದೆ, ಮನುಷ್ಯ ದಾಟುವುದಿಲ್ಲ, ಅಲ್ಲೇ ಅಂಟಿಕೊಂಡು ಕೆಳಗೆ ಹೋಗುತ್ತಾನೆ. ಸಾಧ್ಯವಾದಷ್ಟೂ ಅದರಿಂದ ದೂರ ಸರಿಯಿರಿ, ಆಗಲೇ ಇಲ್ಲ ಅಂದರೆ ಕವುಚಿ, ತಲೆ ಮುಂದೆ ಮಾಡಿ ಜೋರಾಗಿ ಈಜಿ ಮರದ ಮೇಲಕ್ಕೆ ಹತ್ತಬೇಕು. ಪ್ರತಿ ಮಳೆಗಾಲ ಮುಗಿದ ಮೇಲೆ ನಮ್ಮ ಹೊಳೆಯಲ್ಲಿ ಇಂಥ ಮರಗಳ ಜಾಗ ಬದಲಾಗಿರುತ್ತದೆ. ಮರಳು ತೆಗೆದ ಗುಂಡಿಗಳೂ ಹಾಗೆಯೇ. ಹೋದ ವರ್ಷ ನಡೆದು ದಾಟಿದ ಜಾಗದಲ್ಲಿ ಈ ವರ್ಷ ಇಬ್ಬರು ಆಳು ಮುಳುಗುವ ಗುಂಡಿ ಇರಬಹುದು. ದಡದ ಅಂಗಡಿಯಲ್ಲಿ ಒಂದು ಟೀ ಕುಡಿಯುತ್ತಾ ಊರಿನವರನ್ನು ಕೇಳಿದರೆ ಯಾವ ಮಡು ಹೇಗೆ ಅಂತ ಹೇಳುತ್ತಾರೆ. ಕೇಳುವುದಕ್ಕೆ ನಾಚಿಕೆ ಬೇಡ.

ಗಂಬೂಟಿನ ಬಗ್ಗೆ ಒಂದು ತಪ್ಪು ಮಾತು ಓಡಾಡುತ್ತಿದೆ, ನೀರು ತುಂಬಿದರೆ ಬೂಟು ಕಲ್ಲಿನ ಹಾಗೆ ಕೆಳಗೆ ಎಳೆಯುತ್ತದೆ ಅಂತ. ನೀರೊಳಗೆ ನೀರಿಗೆ ಭಾರ ಇಲ್ಲ, ಬೂಟು ಎಳೆಯುವುದಿಲ್ಲ. ಆದರೆ ಕಾಲು ಬಡಿಯಲು ಬಿಡುವುದಿಲ್ಲ, ಬಂಡೆ ಹತ್ತಲು ಹೋದಾಗ ಆ ನೀರೆಲ್ಲ ಭಾರವಾಗುತ್ತದೆ. ಎಲ್ಲಕ್ಕಿಂತ ಮೊದಲು ಜಾರಿಸುತ್ತದೆ. ನಾನು ಈಗ ಹಳೇ ಕ್ಯಾನ್ವಾಸ್ ಶೂಗೆ ತೆಂಗಿನ ನಾರಿನ ಹಗ್ಗ ಸುತ್ತಿಕೊಂಡು ಹೋಗುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.

ಇನ್ನು ನೀರು ಏರುವ ವಿಷಯ, ಹೊರಗಿನಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ. ಕುಶಾಲನಗರದಲ್ಲಿ ಬಿಸಿಲು ಸುಡುತ್ತಿರುತ್ತದೆ, ಅದೇ ಹೊತ್ತಿಗೆ ಭಾಗಮಂಡಲ, ನಾಪೋಕ್ಲು ಕಡೆ ಮಳೆ ಹೊಡೆಯುತ್ತಿರುತ್ತದೆ. ಭಾಗಮಂಡಲದಲ್ಲಿ ಬೀಳುವ ಮಳೆಯ ಅರ್ಧವೂ ಕುಶಾಲನಗರದಲ್ಲಿ ಬೀಳುವುದಿಲ್ಲ. ನಿಮ್ಮ ತಲೆ ಮೇಲಿನ ಆಕಾಶ ನೋಡಿ ಹೊಳೆಯನ್ನು ಅಂದಾಜು ಮಾಡಿದರೆ ಮೋಸ ಹೋಗುತ್ತೀರಿ. 2018 ಮತ್ತು 2019ರ ಆಗಸ್ಟ್‌ನಲ್ಲಿ ಹೊಳೆ ಏನು ಮಾಡಿತು ಅಂತ ನಿಮ್ಮ ಮನೆ ಮಾಲೀಕರನ್ನು ಕೇಳಿ, ಯಾವ ಗೋಡೆಯ ಎಷ್ಟನೇ ಇಟ್ಟಿಗೆವರೆಗೆ ನೀರು ಬಂದಿತ್ತು ಅಂತ ತೋರಿಸುವವರು ಇದ್ದಾರೆ. ಅದು ಮಳೆಗಾಲದ ಕಥೆ ಅನ್ನಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆ ಕಡೆ ತಲೆ ಹಾಕಲೇಬೇಡಿ, ಆ ಮಾತೇ ಬೇರೆ. ನಾನು ಹೇಳುತ್ತಿರುವುದು ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಮತ್ತು ಅಕ್ಟೋಬರ್ ಮಳೆ. ಹೊಳೆ ಮಧ್ಯದ ಬಂಡೆಗೆ ನೀವು ಹೋಗುವಾಗ ಪಾದ ಮಾತ್ರ ನೆನೆದಿರುತ್ತದೆ, ವಾಪಸ್ ಬರುವ ಹೊತ್ತಿಗೆ ದಾರಿಯೇ ಇರುವುದಿಲ್ಲ.

ಮಾವ ಇದಕ್ಕೆ ಒಂದು ಕೆಲಸ ಮಾಡುತ್ತಿದ್ದರು. ಹೋದ ತಕ್ಷಣ ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಡುವುದು. ಗಾಳಕ್ಕೆ ಎರೆಹುಳು ಚುಚ್ಚುವುದು ಆಮೇಲೆ. ಪ್ರತಿ ಬೀಡಿ ಹಚ್ಚುವಾಗ ಒಮ್ಮೆ ಕಡ್ಡಿ ನೋಡುವುದು. ಕಡ್ಡಿಯ ಬುಡ ನೆನೆದಿದ್ದರೆ ಕೋಲು ಸುತ್ತಿ ಎದ್ದುಬಿಡುತ್ತಿದ್ದರು, ಮೀನು ಕಚ್ಚುತ್ತಿದ್ದರೂ ಸರಿ. ಬೀಡಿ ಬಿಟ್ಟು ಬಾಕಿಯೆಲ್ಲ ನಾನೂ ಮಾಡುತ್ತೇನೆ. ಕಡ್ಡಿಗಿಂತ ಮೊದಲು ಗೊತ್ತಾಗುವ ಗುರುತುಗಳೂ ಇವೆ. ತಿಳಿಯಾಗಿದ್ದ ನೀರು ಟೀ ಬಣ್ಣಕ್ಕೆ ತಿರುಗುವುದು, ತರಗೆಲೆ, ಕಸ, ಕಡ್ಡಿ ತೇಲಿ ಬರಲು ಶುರುವಾಗುವುದು, ಹೊಳೆಯ ಸದ್ದು ದಪ್ಪಗಾಗುವುದು. ಮೂರರಲ್ಲಿ ಒಂದು ಕಂಡರೂ ದಡಕ್ಕೆ ಬನ್ನಿ, ಎರಡನೆಯದಕ್ಕೆ ಕಾಯಬೇಡಿ.

ಹಾರಂಗಿ ಡ್ಯಾಮಿನ ನೀರಿನ ಬಗ್ಗೆಯೂ ಹೇಳಬೇಕು. ಹುದುಗೂರಿನ ಡ್ಯಾಮಿನಿಂದ ಬಿಟ್ಟ ನೀರು ಕೂಡಿಗೆ ಹತ್ತಿರ ಕಾವೇರಿಗೆ ಸೇರುತ್ತದೆ. ಅಂದರೆ ದುಬಾರೆ, ನಿಸರ್ಗಧಾಮದ ಕಡೆ ಕೂತವರಿಗೆ ಭಯ ಮೇಲಿನ ಮಳೆಯದು, ಹಾರಂಗಿ ಹೊಳೆಯಲ್ಲಿ ಮತ್ತು ಕೂಡಿಗೆಯಿಂದ ಕೆಳಗೆ ಕೂತವರಿಗೆ ಮಳೆಯ ಜೊತೆ ಗೇಟಿನದೂ ಇದೆ. ಸೈರನ್ ಕೇಳಿಸಿತೋ, ಚೀಲ ತೆಗೆದುಕೊಳ್ಳಲು ವಾಪಸ್ ಹೋಗಬೇಡಿ. ಚೆಕ್ ಡ್ಯಾಮ್, ಅಣೆಕಟ್ಟೆಗಳ ಕೆಳಗೆ ಬುರುಗು ನೀರಲ್ಲಿ ಗಾಳ ಹಾಕುವುದು ಎಲ್ಲರಿಗೂ ಇಷ್ಟ, ಮೀನು ಅಲ್ಲೇ ಸೇರುತ್ತದೆ. ಆ ಬುರುಗಿನಲ್ಲಿ ಅರ್ಧ ಗಾಳಿ, ಮೈ ಸರಿಯಾಗಿ ತೇಲುವುದಿಲ್ಲ, ಮೇಲಿಂದ ಬಿದ್ದ ನೀರು ಸುತ್ತಿ ಮತ್ತೆ ಕಟ್ಟೆ ಬುಡಕ್ಕೇ ಎಳೆಯುತ್ತದೆ. ಅಲ್ಲಿ ಮಾತ್ರ ಜಾಕೆಟ್ ಇದ್ದರೂ ನಂಬಬೇಡಿ.

ಈಗ ಜಾಕೆಟ್. ಈಜು ಬರುವವನಿಗೂ ಯಾಕೆ ಬೇಕೆಂದರೆ, ಬಂಡೆಯಿಂದ ಬೀಳುವವನ ತಲೆ ಎಷ್ಟೋ ಸಲ ಮೊದಲು ಕಲ್ಲಿಗೆ ಹೊಡೆಯುತ್ತದೆ. ಪ್ರಜ್ಞೆ ಹೋದವನಿಗೆ ಈಜು ನೆನಪಿರುವುದಿಲ್ಲ. ಹಾಕಿದ ಮೇಲೆ ಪಟ್ಟಿ ಬಿಗಿದು, ಗೆಳೆಯನಿಗೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಗಲ್ಲ ದಾಟಿ ಕಿವಿಗೆ ಬಂದರೆ ಅದು ನಿಮ್ಮ ಅಳತೆಯದಲ್ಲ. ಸೆಖೆ ಅಂತ ಬಿಚ್ಚಿ ಕೂರಲು ಹಾಸಿಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ.

ಜಾಕೆಟ್‌ಗಿಂತ ಕಡಿಮೆ ಖರ್ಚಿನದು, ಆದರೆ ಯಾರೂ ತರದೇ ಇರುವುದು ಹಗ್ಗ. ತೇಲುವ ಪ್ಲಾಸ್ಟಿಕ್ ಹಗ್ಗ ಇಪ್ಪತ್ತು ಮೀಟರ್, ತುದಿಗೆ ಮುಚ್ಚಳ ಬಿಗಿದ ಖಾಲಿ ಕ್ಯಾನ್, ಹತ್ತು ಲೀಟರಿನದು. ಒಳಗೆ ಒಂದೆರಡು ಲೋಟ ನೀರು ಹಾಕಿ, ಇಲ್ಲದಿದ್ದರೆ ಗಾಳಿಗೆ ದೂರ ಹೋಗುವುದಿಲ್ಲ. ಒಬ್ಬ ದೊಡ್ಡ ಮನುಷ್ಯನ ತಲೆ ನೀರ ಮೇಲಿರಲು ಇಷ್ಟು ಸಾಕು. ಮನೆ ಮುಂದೆ ಕಣದಲ್ಲೋ ರಸ್ತೆಯಲ್ಲೋ ಹತ್ತು ಸಲ ಎಸೆದು ನೋಡಿ, ಮೊದಲ ಐದು ಎಲ್ಲೆಲ್ಲೋ ಹೋಗುತ್ತವೆ. ಎಸೆಯುವವನು ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಅದೇ ರೀತಿ ಗಾಳದ ದಾರವನ್ನೂ ಕೈಗೆ ಸುತ್ತಬೇಡಿ. ಕಾವೇರಿಯ ಬಿಳಿಮೀನು (ಮಹಶೀರ್) ಮನುಷ್ಯನ ತೂಕಕ್ಕೆ ಬೆಳೆಯುವ ಮೀನು. ಅಂದ ಹಾಗೆ ಬೆನ್ನು ಉಬ್ಬಿದ ಜಾತಿಯ ಬಿಳಿಮೀನು ಅಳಿವಿನ ಅಂಚಿನಲ್ಲಿದೆ, ಗಾಳಕ್ಕೆ ಬಿದ್ದರೆ ಬಿಟ್ಟುಬಿಡಿ. ಎಲ್ಲಿ ಗಾಳ ಹಾಕಬಹುದು, ಎಲ್ಲಿ ಬಾರದು ಅಂತ ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿಕೊಂಡರೆ ಒಳ್ಳೆಯದು.

ನೀವು ಮೂರ್ನಾಲ್ಕು ಜನ ಹೋಗುತ್ತೀರಿ ಅಂದಿರಿ. ನನಗೆ ಜಾಸ್ತಿ ಭಯ ಅದೇ. ಒಬ್ಬ ಬಿದ್ದ, ಇನ್ನೊಬ್ಬ ಹಾರಿದ, ಅವನನ್ನು ಹಿಡಿಯಲು ಮೂರನೆಯವನು. ಪೇಪರಿನಲ್ಲಿ ಓದುತ್ತೀರಲ್ಲ, ಒಂದೇ ಮನೆಯ ಮೂವರು, ಒಂದೇ ಕಾಲೇಜಿನ ನಾಲ್ವರು, ಹೆಚ್ಚಿನವು ಹೀಗೇ ಆದವು. ಮುಳುಗುತ್ತಿರುವವನು ಹತ್ತಿರ ಬಂದವನ ಮೇಲೆ ಹತ್ತುತ್ತಾನೆ, ಅದು ಅವನ ತಪ್ಪಲ್ಲ, ಮೈ ಮಾಡಿಸುತ್ತದೆ. ಇನ್ನೊಂದು, ಮುಳುಗುವವನು ಸಿನಿಮಾದ ಹಾಗೆ ಕೈ ಬೀಸಿ ಕೂಗುವುದಿಲ್ಲ. ಉಸಿರಿಗೇ ಬಾಯಿ ಸಾಲದಿರುವಾಗ ಕೂಗಲು ಎಲ್ಲಿಂದ ಬರಬೇಕು? ಸುಮ್ನೆ ನಿಂತ ಹಾಗೆ ಕಾಣುತ್ತಾನೆ, ತಲೆ ಹಿಂದಕ್ಕೆ, ಬಾಯಿ ನೀರಿನ ಮಟ್ಟಕ್ಕೆ. ಹರಟೆ ಹೊಡೆಯುತ್ತಿದ್ದರೆ ಹತ್ತು ಅಡಿ ದೂರದಲ್ಲೇ ಆಗಿ ಹೋಗಿರುತ್ತದೆ. ಆದ್ದರಿಂದ ಯಾರು ಹಗ್ಗ ಎಸೆಯುವುದು, ಯಾರು 112ಕ್ಕೆ ಫೋನ್ ಮಾಡುವುದು ಅಂತ ಗಾಳ ಬಿಚ್ಚುವ ಮೊದಲೇ ಮಾತಾಡಿಕೊಳ್ಳಿ. ಆ ಬಂಡೆಯಲ್ಲಿ ಸಿಗ್ನಲ್ ಇದೆಯಾ ಅಂತಲೂ ನೋಡಿ, ನಮ್ಮ ಕಡೆ ಎಷ್ಟೋ ಹೊಳೆದಂಡೆಯಲ್ಲಿ ಸಿಗ್ನಲ್ ಇರುವುದಿಲ್ಲ. ಬಿಯರ್ ಮನೆಗೆ ಬಂದ ಮೇಲೆ. ಇದರ ಬಗ್ಗೆ ವಾದ ಮಾಡುವುದಿಲ್ಲ.

ಮೇಲೆ ತೆಗೆದವನಿಗೆ ಉಸಿರಿಲ್ಲದಿದ್ದರೆ ತಲೆಕೆಳಗು ಮಾಡಿ ನೇತಾಡಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡವೇ ಬೇಡ. ಹೊಟ್ಟೆ ಒತ್ತಿದರೆ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಹೋಗುತ್ತದೆ, ಸಮಯವೂ ಹಾಳು. ಅವನಿಗೆ ಕಡಿಮೆಯಾಗಿರುವುದು ಗಾಳಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಿ, ಆಮೇಲೆ ಎದೆಯ ನಡುವೆ ಐದಾರು ಸೆಂಟಿಮೀಟರ್ ಇಳಿಯುವಂತೆ 30 ಸಲ ಒತ್ತಿ, ಮತ್ತೆ 2 ಉಸಿರು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ಆಂಬುಲೆನ್ಸ್ ಬರುವವರೆಗೂ ಬಿಡಬೇಡಿ, ಒಬ್ಬ ಸುಸ್ತಾದರೆ ಇನ್ನೊಬ್ಬ. ಎದ್ದು ಕೂತು ಏನೂ ಆಗಿಲ್ಲ ಅಂದವನೂ ಕೆಮ್ಮುತ್ತಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕೆಲವು ಗಂಟೆ ಬಿಟ್ಟು ಉಸಿರಾಟ ಕೆಡಬಹುದು.

ಕಣ್ಣೂರಿನ ಬಂಡೆಗಳಿಗೆ ಲೆಕ್ಕ ಸ್ವಲ್ಪ ಬೇರೆ. ಹೊಳೆ ಒಂದೇ ಕಡೆ ಹೋಗುತ್ತದೆ, ಸಮುದ್ರ ಬಂದು ಎತ್ತಿಕೊಂಡು ಹೋಗುತ್ತದೆ. ಹೋದ ಕೂಡಲೇ ಬಂಡೆಗೆ ಇಳಿಯದೆ ಎತ್ತರದಲ್ಲಿ ನಿಂತು ಅರ್ಧ ಗಂಟೆ ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಬಹಳ ಹೊತ್ತು ಸಮುದ್ರ ಸಾಧುವಾಗಿ ಕಾಣುತ್ತದೆ. ಬಂಡೆ ಒದ್ದೆ ಇದೆ ಅಂದರೆ ಅಲ್ಲಿಯವರೆಗೆ ಅಲೆ ಬಂದಿತ್ತು ಅಂತ ಅರ್ಥ, ಒಣಗಿದ ಜಾಗದಲ್ಲಿ ನಿಲ್ಲಿ. ಎರೆ ಹಾಕುವಾಗಲೂ ಸಮುದ್ರಕ್ಕೆ ಬೆನ್ನು ಮಾಡಬೇಡಿ. ಭರತ, ಅಂದರೆ ಸಮುದ್ರದ ಉಬ್ಬರ, ಯಾವಾಗ ಅಂತ ತಿಳಿದುಕೊಂಡು ಹೋಗಿ, ಇಲ್ಲದಿದ್ದರೆ ವಾಪಸ್ ಬರುವ ದಾರಿ ಮುಚ್ಚುತ್ತದೆ. ಕೇರಳದವರು ಕಳ್ಳಕಡಲು ಅನ್ನುತ್ತಾರಲ್ಲ, ಇಲ್ಲಿ ಗಾಳಿಯೇ ಇಲ್ಲದಿದ್ದರೂ ಸಾವಿರಾರು ಕಿಲೋಮೀಟರ್ ದಕ್ಷಿಣದಲ್ಲಿ ಎದ್ದ ಅಲೆ ದಡಕ್ಕೆ ಬಂದು ನುಗ್ಗುವುದು, ಅದಕ್ಕೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮುನ್ನೆಚ್ಚರಿಕೆ ಕೊಡುತ್ತದೆ, ಹೊರಡುವ ದಿನ ಬೆಳಿಗ್ಗೆ ನೋಡಿಕೊಳ್ಳಿ. ಬಿದ್ದರೆ ಹೊಳೆಯ ಪಾಠ ಇಲ್ಲಿ ಉಲ್ಟಾ. ಬಂಡೆ ಹಿಡಿದು ಹತ್ತಲು ಹೋದರೆ ಮುಂದಿನ ಅಲೆ ಕಲ್ಲಿಗೆ ಬಡಿಯುತ್ತದೆ. ಬಂಡೆಯಿಂದ ದೂರ ಈಜಿ, ತೇಲುತ್ತಾ ಕಾಯಿರಿ. ಜಾಕೆಟ್ ಇಲ್ಲದೆ ಹಾಗೆ ಎಷ್ಟು ಹೊತ್ತು ಕಾಯುತ್ತೀರಿ ಅಂತ ನೀವೇ ಲೆಕ್ಕ ಹಾಕಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಇಂಥ ಸಾವು ಜಾಸ್ತಿಯಾಗಿ 2016ರಲ್ಲಿ ಕಾನೂನೇ ತಂದರು, ಗೊತ್ತುಮಾಡಿದ ಕೆಲವು ಕಡೆ ಸಮುದ್ರದ ಬಂಡೆಯಲ್ಲಿ ಗಾಳ ಹಾಕುವವರು ಜಾಕೆಟ್ ಹಾಕಲೇಬೇಕು.

ಒಂದು ಬಿಟ್ಟುಹೋಯಿತು. ಏಪ್ರಿಲ್ ಸಂಜೆ ಗುಡುಗು ಕೇಳಿಸಿದರೆ ಕೋಲು ಕೆಳಗಿಟ್ಟು ಬಂಡೆ ಬಿಟ್ಟು ಬನ್ನಿ. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಕೋಲು ಕಾರ್ಬನ್ ಫೈಬರಿನವು, ಕರೆಂಟ್ ಹರಿಯುತ್ತದೆ. ಮಾವನ ಬಿದಿರಿನ ಕೋಲಿಗೂ ಇದೇ ನಿಯಮ, ಹಸಿ ಬಿದಿರನ್ನು ಸಿಡಿಲು ಬಿಡುವುದಿಲ್ಲ. ಯಾವ ಕಡೆ ಕೂರುತ್ತೀರಿ ಅಂತ ಕಾಮೆಂಟಿನಲ್ಲಿ ಹೇಳಿ, ವಾಲ್ನೂರಿನಿಂದ ಗುಡ್ಡೆಹೊಸೂರುವರೆಗೆ ನನಗೆ ಗೊತ್ತಿರುವ ಮಡುಗಳ ಬಗ್ಗೆ ಬರೆಯುತ್ತೇನೆ.