ಮಗ್ಗದ ಮೇಲೆ ಉಳಿದ ಸೀರೆ

ಬೆಟಗೇರಿಯ ಅಕ್ಕಾವ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹದಿಮೂರು ಕಂತಿನ ಟಿ.ವಿ. ಧಾರಾವಾಹಿ ಬರೆಯುತ್ತಿದ್ದೀರಿ. ನೇಕಾರ ಅಪ್ಪ ಒಂದು ಬೆಳಿಗ್ಗೆ ಮಗ್ಗದ ಮೇಲೆ ಅರ್ಧ ಸೀರೆ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಎಲ್ಲಿಗೆ ಹೋದ, ಯಾಕೆ ಹೋದ ಎಂದು ಕೊನೆವರೆಗೂ ಹೇಳದಿದ್ದರೆ ನಡೆಯುತ್ತದೆಯೇ ಎಂದು ಕೇಳಿದ್ದೀರಿ.

ಎಲ್ಲಿಗೆ ಹೋದ ಎಂಬುದನ್ನು ಹೇಳಲೇಬೇಕು. ಅಷ್ಟು ವಾರ ಕಾದವರಿಗೆ ಅದನ್ನೂ ಕೊಡದಿದ್ದರೆ ಮೋಸ. ಯಾಕೆ ಹೋದ ಎಂಬುದು ಮನಸ್ಸಿನ ಮಾತು. ಹೆಂಡತಿಗೆ ಒಂದು ಕಾರಣ ಕಾಣಲಿ, ಮಗಳಿಗೆ ಇನ್ನೊಂದು.

ನಿಮ್ಮೂರಲ್ಲೇ ಇದಕ್ಕೆ ಗುರು ಇದ್ದಾನೆ. ಗದಗದ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಕೂತು ಬರೆದನೆನ್ನುವ ಕಂಬ ನೋಡಿರುತ್ತೀರಿ. ಕರ್ಣ ಯಾರ ಮಗ ಎಂಬುದು ಕೇಳುವವರಿಗೆಲ್ಲ ಮೊದಲೇ ಗೊತ್ತು. ಗೊತ್ತಿಲ್ಲದವನು ಕರ್ಣನೇ. ಉದ್ಯೋಗಪರ್ವದಲ್ಲಿ ಕೃಷ್ಣ ಅವನನ್ನು ರಥದಲ್ಲಿ ಕೂರಿಸಿಕೊಂಡು ಹೇಳಿದಾಗ ಗುಟ್ಟು ಒಡೆಯಿತು. ಆದರೂ ಅವನು ಕೌರವನ ಕಡೆಯೇ ಉಳಿದ. ಋಣವೋ, ಸ್ನೇಹವೋ, ಹೆತ್ತವಳ ಮೇಲಿನ ಸಿಟ್ಟೋ? ಜನ ಇಂದಿಗೂ ವಾದ ಮಾಡುತ್ತಾರೆ. ಗುಟ್ಟು ಒಡೆದ ಮೇಲೆ ಹುಟ್ಟುವ ಆ ವಾದವೇ ನಿಮಗೆ ಬೇಕಾದದ್ದು.

1990ರಲ್ಲಿ ಅಮೆರಿಕದ ‘ಟ್ವಿನ್ ಪೀಕ್ಸ್’ ಧಾರಾವಾಹಿ ಇಲ್ಲೇ ಎಡವಿತು. ಲಾರಾ ಪಾಮರ್‌ಳನ್ನು ಕೊಂದವರು ಯಾರು ಎಂಬ ಪ್ರಶ್ನೆಗೆ ಉತ್ತರ ಹೇಳಲು ಅದನ್ನು ಕಟ್ಟಿದವರಲ್ಲೊಬ್ಬನಾದ ಡೇವಿಡ್ ಲಿಂಚ್‌ಗೆ ಮನಸ್ಸಿರಲಿಲ್ಲ. ಚಾನೆಲ್‌ನವರು ಬಿಡಲಿಲ್ಲ. ಎರಡನೇ ಸೀಸನ್ನಿನ ನಡುವೆ ಕೊಲೆಗಾರ ಯಾರೆಂದು ಹೇಳಿಯಾಯಿತು. ನೋಡುವವರು ಕರಗುತ್ತಾ ಹೋದರು, 1991ರಲ್ಲಿ ಧಾರಾವಾಹಿ ನಿಂತಿತು. ಹೇಳಿದ್ದೇ ತಪ್ಪು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಉತ್ತರದ ಬೆನ್ನಿಗೆ ಅಷ್ಟೇ ಕಾಡುವ ಇನ್ನೊಂದು ಪ್ರಶ್ನೆ ಇರಲಿಲ್ಲ.

ಒಂದು ತಕರಾರಿದೆ. ಎರಡನೇ ಕಂತಿನಲ್ಲಿ ಮಗಳು ಅಪ್ಪನ ಟ್ರಂಕಿನಲ್ಲಿ ಕಾಗದ ಓದಿ ಬೆಚ್ಚುತ್ತಾಳೆ, ನಮಗೆ ಮಾತ್ರ ಅದನ್ನು ತೋರಿಸುವುದಿಲ್ಲ. ಆ ಸೀನ್ ತೆಗೆಯಿರಿ. ಇಡೀ ಕಥೆಯನ್ನು ಅವಳ ಕಣ್ಣಿಂದ ನೋಡುತ್ತಿದ್ದೇವೆ. ಅವಳು ಓದಿದ್ದನ್ನು ಮುಚ್ಚಿಟ್ಟರೆ ಸುಮ್ನೆ ಸತಾಯಿಸಿದ ಹಾಗೆ ಅಲ್ವಾ? ಟಿಆರ್‌ಪಿ ನೋಡಿಕೊಂಡು ವಾರ ವಾರ ಕಥೆ ಎಳೆಯುವ ಕಡೆ ಇದೇ ಜಾಸ್ತಿ. ನಿಮಗೆ ಆ ಕಷ್ಟವಿಲ್ಲ.

ಅದರ ಬದಲು ಸೀರೆ ತೋರಿಸಿ, ಹತ್ತಿರದಿಂದ. ಕೊನೆಯ ನಾಲ್ಕು ಬೆರಳಗಲ ನೇಯ್ಗೆ ಉಳಿದದ್ದಕ್ಕಿಂತ ಸಡಿಲ. ಹೊಕ್ಕಿನ ಎಳೆಗೆ, ಅಂದರೆ ಅಡ್ಡ ನೂಲಿಗೆ, ಬಿದ್ದ ಪೆಟ್ಟು ಬೇರೆ ಕೈಯದು. ಯಾರೂ ಮಾತಾಡಬಾರದು. ತಾಯಿ ಒಮ್ಮೆ ಅದರ ಮೇಲೆ ಬೆರಳಾಡಿಸಿ ಒಳಗೆ ಹೋಗಲಿ. ಹತ್ತನೇ ಕಂತಿನಲ್ಲಿ, ಆ ನಾಲ್ಕು ಬೆರಳಗಲ ನೇಯಲು ಮಗ್ಗಕ್ಕೆ ಕೂತವಳು ತಾಯಿಯೇ ಎಂದು ತಿಳಿದಾಗ, ನೋಡುವವರು ‘ಅಯ್ಯೋ, ಅವತ್ತೇ ಕಂಡಿತ್ತಲ್ಲ’ ಅನ್ನಬೇಕು. ಯಾಕೆ ಕೂತಳು ಎಂದು ಅವಳ ಬಾಯಿಂದ ಹೇಳಿಸಬೇಡಿ. ನಿಮ್ಮ ಓಣಿಯ ನೇಕಾರರಿಗೆ ಎರಡನೇ ಕಂತಿಗೇ ಗೊತ್ತಾಗಿಬಿಡಬಹುದು. ಆಗಲಿ ಬಿಡಿ, ಅವರು ಇನ್ನೂ ಹತ್ತಿರ ಕೂತು ನೋಡುತ್ತಾರೆ.

ಮೂರು ಕಂತು ತಿದ್ದಿ ಕಳಿಸಿ. ಅಪ್ಪ ಈಗ ಎಲ್ಲಿದ್ದಾನೆ ಎಂದು ಬೇರೆ ಹಾಳೆಯಲ್ಲಿ ಒಂದೇ ಸಾಲು ಬರೆದಿಡಿ. ಅದನ್ನು ನನಗೆ ಕಳಿಸುವುದು ಬೇಡ. ನಾನೂ ಕಾಯುತ್ತೇನೆ.

– ಸಂಪಾದಕ, ಧಾರವಾಡ