ವೀಕೆಂಡ್ ಟೀಮ್ ಸ್ಪರ್ಧೆ: ಯಾರು ಎಷ್ಟು ಎತ್ತಬೇಕು, ಯಾವಾಗ ಬಿಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಶನಿವಾರ, ಭಾನುವಾರ ನಡೆಯುವ ಫಂಕ್ಷನಲ್ ಫಿಟ್‌ನೆಸ್ ಸ್ಪರ್ಧೆಗೆ ಟೀಮ್ ಕಟ್ಟಿಕೊಂಡು ಹೋಗುವುದು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಓಟ, ರೋಯಿಂಗ್ ಮಷೀನ್, ಬಾರ್ಬೆಲ್, ಪುಲ್ ಅಪ್, ಬರ್ಪಿ (ನೆಲಕ್ಕೆ ಮಲಗಿ ಎದ್ದು ಜಿಗಿಯುವುದು) ಎಲ್ಲವನ್ನೂ ಬೆರೆಸಿ, ಗಡಿಯಾರ ಇಟ್ಟು ಮಾಡಿಸುವ ಆಟ ಇದು. ಹಾಗಾಗಿ ಬೇರೆ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ. ಮೊಣಕಾಲು ನೋವಿನವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಾವು ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಸೇರಿ ಒಂದು ಸ್ಪರ್ಧೆಗೆ ಹೆಸರು ಕೊಟ್ಟಿದ್ದೇವೆ. ಶನಿವಾರ ಮೂರು ವರ್ಕೌಟ್, ಭಾನುವಾರ ಫೈನಲ್. ನಮ್ಮಲ್ಲಿ ಒಬ್ಬ ತುಂಬಾ ಸ್ಟ್ರಾಂಗ್. "ನೀವು ಸ್ವಲ್ಪ ಮಾಡಿ ಸಾಕು, ಮಿಕ್ಕಿದ್ದು ನಾನು ಎಳೀತೀನಿ" ಅಂತಾನೆ. ನನಗೆ ಪುಲ್ ಅಪ್ ಐದಕ್ಕಿಂತ ಜಾಸ್ತಿ ಬರುವುದಿಲ್ಲ. ಕೆಲಸ ಹೇಗೆ ಹಂಚಿಕೊಳ್ಳಬೇಕು?
(ಓದುಗರು, ವಿಜಯನಗರ, ಬೆಂಗಳೂರು)

ಉತ್ತರ: ಮೊದಲು ಆ ಗೆಳೆಯನಿಗೆ ಈ ಪುಟ ಓದಿಸಿ. ಅವನು ಹೇಳಿದಂತೆ ಮಾಡಿದರೆ ಶನಿವಾರ ಬೆಳಿಗ್ಗೆಯ ವರ್ಕೌಟ್ ಚೆನ್ನಾಗಿಯೇ ಆಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವನ ತೋಳು ಮೇಲೇಳುವುದಿಲ್ಲ, ಭಾನುವಾರ ನಿಮ್ಮದು ಮೂರೇ ಜನರ ಟೀಮ್.

ಟೀಮ್ ಆಟದಲ್ಲಿ ಹೊಸಬರು ಎಡವುವುದು ತಾಕತ್ತಿನಲ್ಲಲ್ಲ, ಬಿಡುವುದರಲ್ಲಿ. ಒಬ್ಬರೇ ಆಡುವಾಗ ಉಸಿರು ಕಟ್ಟುವ ತನಕ ಎಳೆದು ಆಮೇಲೆ ನಿಲ್ಲುವುದು ರೂಢಿ. ಟೀಮ್‌ನಲ್ಲಿ ಇನ್ನೂ ನಾಲ್ಕು ಬರುತ್ತೆ ಅನ್ನುವಾಗಲೇ ನಿಲ್ಲಬೇಕು, ಯಾಕೆಂದರೆ ಪಕ್ಕದಲ್ಲೇ ಸುಧಾರಿಸಿಕೊಂಡು ನಿಂತ ಇನ್ನೊಬ್ಬರು ಇದ್ದಾರಲ್ಲ.

ಲೆಕ್ಕ ಹಾಕಿ ನೋಡೋಣ. ಇಬ್ಬರು ಸೇರಿ 120 ವಾಲ್ ಬಾಲ್ (ಭಾರದ ಚೆಂಡು ಹಿಡಿದು ಕುಕ್ಕರಿಸಿ ಎದ್ದು ಗೋಡೆಗೆ ಎಸೆಯುವುದು) ಮಾಡಬೇಕು ಅಂದುಕೊಳ್ಳಿ. ಒಂದಕ್ಕೆ ಎರಡೂವರೆ ಸೆಕೆಂಡ್ ಹಿಡಿದರೆ ಬರೀ ಎಸೆತಕ್ಕೇ 300 ಸೆಕೆಂಡ್. ಮೂವತ್ತು ಮೂವತ್ತರಂತೆ ಮಾಡಿದರೆ ಕೈ ಬದಲಾಗುವುದು ಮೂರೇ ಸಲ, ಹನ್ನೆರಡು ಹನ್ನೆರಡರಂತೆ ಮಾಡಿದರೆ ಒಂಬತ್ತು ಸಲ. ಒಂದು ಬದಲಾವಣೆಗೆ ಮೂರು ಸೆಕೆಂಡ್ ಅಂದರೂ ಎರಡನೆಯ ದಾರಿಯಲ್ಲಿ 18 ಸೆಕೆಂಡ್ ಜಾಸ್ತಿ ಹೋಗುತ್ತದೆ. ಹಾಗಾದರೆ ಮೊದಲನೆಯದೇ ಒಳ್ಳೆಯದು ಅನ್ನಿಸುತ್ತೆ, ಅಲ್ವಾ? ಆದರೆ ಎರಡನೇ ಸುತ್ತಿನ ಮೂವತ್ತರಲ್ಲಿ ಇಪ್ಪತ್ತನೆಯದಕ್ಕೆ ಚೆಂಡು ಕೆಳಗೆ ಬೀಳುತ್ತದೆ, ಕೈ ಮೊಣಕಾಲಿನ ಮೇಲೆ ಹೋಗುತ್ತದೆ, ಮತ್ತೆ ಎತ್ತಿಕೊಳ್ಳುವಷ್ಟರಲ್ಲಿ ಹದಿನೈದಿಪ್ಪತ್ತು ಸೆಕೆಂಡ್ ಕಳೆದಿರುತ್ತದೆ. ಅದು ಇಬ್ಬರಿಗೂ ಒಂದೊಂದು ಸಲ ಆದರೆ ಮುಗಿಯಿತು. ಹನ್ನೆರಡರ ಲೆಕ್ಕದಲ್ಲಿ ಹೋದವರು ಕೊನೆಯ ಸುತ್ತನ್ನೂ ಮೊದಲಿನ ಸುತ್ತಿನ ವೇಗದಲ್ಲೇ ಮುಗಿಸುತ್ತಾರೆ, ಮುಂದಿನ ಐಟಂಗೆ ಓಡುವ ಶಕ್ತಿಯೂ ಉಳಿದಿರುತ್ತದೆ.

ಪುಲ್ ಅಪ್‌ಗೂ ಇದೇ. ಐದು ಬರುತ್ತದೆ ಅಂದರೆ ಸಲಕ್ಕೆ ಎರಡು ಮಾಡಿ, ಇಳಿಯಿರಿ. ಒಂದು ಸಲ ಐದಕ್ಕೆ ಹೋಗಿ ಕೈ ಸೋತರೆ ಆಮೇಲೆ ಒಂದೂ ಬರುವುದಿಲ್ಲ. ಎರಡೆರಡೇ ಆದರೆ ನಾಲ್ಕು ಜನರ ಸರದಿಯಲ್ಲಿ ಎಷ್ಟೋ ಹೊತ್ತು ಎಳೆಯಬಹುದು. ಸ್ಟ್ರಾಂಗ್ ಗೆಳೆಯ ನಾಲ್ಕೋ ಐದೋ ಮಾಡಲಿ. ಸಮನಾಗಿ ಹಂಚಬೇಕು ಅಂತ ಎಲ್ಲೂ ಬರೆದಿಲ್ಲ, ನಿಯಮದಲ್ಲೇ ಹಾಗೆ ಹೇಳಿದ್ದರೆ ಮಾತ್ರ ಬೇರೆ ಮಾತು. ಒಬ್ಬರಿಗೆ ಕನಿಷ್ಠ ಇಷ್ಟು ಅಂತ ಕೆಲವು ಕಡೆ ಇಟ್ಟಿರುತ್ತಾರೆ, ವರ್ಕೌಟ್ ಕಳಿಸಿದ ಕೂಡಲೇ ಆ ಸಾಲು ಹುಡುಕಿ ಓದಿ.

ಇನ್ನು ರೋಯಿಂಗ್ ಮಷೀನ್. ಬದಲಾಗುವಾಗ ಅತಿ ಹೆಚ್ಚು ಸಮಯ ಪೋಲಾಗುವುದು ಇಲ್ಲೇ, ಅದಕ್ಕೇ ಇದನ್ನು ಜಿಮ್‌ನಲ್ಲಿ ಪ್ರತ್ಯೇಕವಾಗಿ ಅಭ್ಯಾಸ ಮಾಡಿ. ಇಳಿಯುವವರು ಕೊನೆಯ ಎಳೆತ ಮುಗಿಸಿ ಹಿಡಿಯನ್ನು ಕೊಕ್ಕೆಗೆ ಸಿಕ್ಕಿಸಿ ಎಡಕ್ಕೆ ಎದ್ದರೆ, ಹತ್ತುವವರು ಬಲದಿಂದ ಕೂರಬೇಕು. ಕಾಲಿನ ಪಟ್ಟಿಯನ್ನು ಪ್ರತಿ ಸಲ ಬಿಗಿಯಾಗಿ ಕಟ್ಟುತ್ತಾ ಕೂತರೆ ಕಥೆ ಮುಗಿಯಿತು. ನಾಲ್ಕು ಜನರಿಗೂ ಹೊಂದುವಷ್ಟು ಸಡಿಲವಾಗಿ ಮೊದಲೇ ಇಟ್ಟುಕೊಂಡು ಪಾದ ತೂರಿಸಿದರೆ ಸಾಕು. ಮೂರನೆಯವರು ಪಕ್ಕದಲ್ಲಿ ಬಗ್ಗಿ ಪಟ್ಟಿ ಎಳೆದುಕೊಟ್ಟರೆ ಇನ್ನೂ ಒಳ್ಳೆಯದು, ನಿಯಮ ಬಿಟ್ಟರೆ. ಹಿಡಿಯನ್ನು ಮಾತ್ರ ಎಸೆಯಬೇಡಿ, ಸರಪಳಿ ರಪ್ಪನೆ ಒಳಗೆ ಹೋಗಿ ಹೊಡೆಯುತ್ತದೆ.

ಹುಡುಗರಿಗೂ ಹುಡುಗಿಯರಿಗೂ ಒಂದೇ ಬಾರ್, ಬೇರೆ ಬೇರೆ ತೂಕ ಅಂತಿದ್ದರೆ ಸರದಿ ಬೆರೆಸಬೇಡಿ. ಇಬ್ಬರು ಹುಡುಗಿಯರು ಪೂರ್ತಿ ಮುಗಿಸಲಿ, ಆಮೇಲೆ ಒಂದೇ ಸಲ ಪ್ಲೇಟ್ ಹಾಕಿ. ಮತ್ತೆ ಸಿಂಕ್ರೋ ಬಂದರೆ, ಅಂದರೆ ಇಬ್ಬರೂ ಒಟ್ಟಿಗೇ ಮಾಡಬೇಕಾದ ಬರ್ಪಿಯೋ ಡೆಡ್‌ಲಿಫ್ಟೋ ಬಂದರೆ, ಎಣಿಸುವ ಕೆಲಸ ನಿಧಾನ ಇರುವವರಿಗೆ ಕೊಡಿ. ಫಾಸ್ಟ್ ಇರುವವರು ಎಣಿಸಿದರೆ ಅವರ ಲಯಕ್ಕೆ ಇನ್ನೊಬ್ಬರು ಸಾಯುತ್ತಾರೆ.

ಪ್ರಶ್ನೆ: ಕಳೆದ ಸಲ ಜಡ್ಜ್ ನಮಗೆ ಸುಮ್ನೆ ಸುಮ್ನೆ ನೋ ರೆಪ್ ಕೊಟ್ಟರು, ಅಂದರೆ ಮಾಡಿದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅವರ ಜೊತೆ ಜಗಳವೇ ಆಯಿತು. ಏನು ಮಾಡಬೇಕಿತ್ತು?
(ಓದುಗರು, ದಾವಣಗೆರೆ)

ಉತ್ತರ: ಮುಂದಿನ ರೆಪ್ ಮಾಡಬೇಕಿತ್ತು. ಗಡಿಯಾರ ಓಡುವಾಗ ವಾದ ಗೆದ್ದವರನ್ನು ನಾನಂತೂ ನೋಡಿಲ್ಲ. ಶುರುವಾಗುವ ಮೊದಲೇ ಜಡ್ಜ್ ಎದುರು ಒಂದು ಸ್ಕ್ವಾಟ್, ಒಂದು ಬರ್ಪಿ ಮಾಡಿ ತೋರಿಸಿ, "ಸರ್, ಇಷ್ಟು ಇಳಿದರೆ ಸಾಕಾ?" ಅಂತ ಕೇಳಿ. ತಕರಾರು ಇದ್ದರೆ ಹೀಟ್ (ನಿಮ್ಮ ಸರದಿಯ ಸುತ್ತು) ಮುಗಿದ ಮೇಲೆ, ಸ್ಕೋರ್ ಹಾಳೆಗೆ ಸಹಿ ಹಾಕುವ ಮುಂಚೆ, ಹೆಡ್ ಜಡ್ಜ್ ಹತ್ತಿರ ಟೀಮ್ ಕ್ಯಾಪ್ಟನ್ ಒಬ್ಬರೇ ಮಾತಾಡಲಿ. ಅಂದಹಾಗೆ ಈ ವೀಕೆಂಡ್ ಸ್ಪರ್ಧೆಗಳಲ್ಲಿ ಬಿಸಿಲಿಗೆ ನಿಂತು ಎಣಿಸುವವರಲ್ಲಿ ಬಹಳಷ್ಟು ಜನ ವಾಲಂಟಿಯರ್‌ಗಳು.

ಪ್ರಶ್ನೆ: ಮೇಡಂ, ನನಗೆ 43. ಆಫೀಸಿನವರೆಲ್ಲ ಸೇರಿ ಹೈರಾಕ್ಸ್ ರಿಲೇಗೆ ನನ್ನನ್ನೂ ಸೇರಿಸಿದ್ದಾರೆ. ಓಡುವುದು ಅಷ್ಟಕ್ಕಷ್ಟೇ. ನಾನು ಯಾವ ಭಾಗ ತೆಗೆದುಕೊಳ್ಳಲಿ?
(ಓದುಗರು, ಮೈಸೂರು)

ಉತ್ತರ: ಹೆದರುವಂಥದ್ದೇನೂ ಇಲ್ಲ. ಹೈರಾಕ್ಸ್ ಅಂದರೆ ಓಟ, ಕಸರತ್ತು ಬೆರೆಸಿದ ರೇಸ್, ಜರ್ಮನಿಯಲ್ಲಿ ಹುಟ್ಟಿದ್ದು, ಮೊದಲ ರೇಸ್ ಹ್ಯಾಂಬರ್ಗ್‌ನಲ್ಲಿ ನಡೆಯಿತು. ಶುರು ಮಾಡಿದವರಲ್ಲಿ ಒಬ್ಬರು ಮೊರಿಟ್ಸ್ ಫ್ಯೂರ್ಸ್ಟೆ. ಒಲಿಂಪಿಕ್ ಹಾಕಿಯಲ್ಲಿ ಜರ್ಮನಿಗೆ 2008ರಲ್ಲೂ 2012ರಲ್ಲೂ ಚಿನ್ನ ಗೆದ್ದ ತಂಡದವರು. ನಮ್ಮ ದೇಶಕ್ಕೆ ಅದು 2025ರಲ್ಲಿ ಮುಂಬೈ ಮೂಲಕ ಬಂತು. ಎಲ್ಲಿ ನಡೆದರೂ ಆಟ ಒಂದೇ: 1 ಕಿಲೋಮೀಟರ್ ಓಟ, ಒಂದು ಐಟಂ, ಮತ್ತೆ 1 ಕಿಲೋಮೀಟರ್, ಹೀಗೆ ಎಂಟು ಸಲ. ರಿಲೇಯಲ್ಲಿ ನಾಲ್ಕು ಜನ ಇರುವುದರಿಂದ ನಿಮ್ಮ ಪಾಲಿಗೆ ಬರುವುದು ಎರಡು ಕಿಲೋಮೀಟರ್, ಎರಡು ಐಟಂ, ಅಷ್ಟೇ.

ಯಾವ ಎರಡು ಅನ್ನುವುದು ನಿಮ್ಮ ಮೈಕಟ್ಟು ನೋಡಿ. ಸ್ವಲ್ಪ ಮೈ ತುಂಬಿಕೊಂಡಿದ್ದರೆ ಸ್ಲೆಡ್ (ತೂಕ ಹೇರಿದ, ಚಕ್ರವಿಲ್ಲದ ಬಂಡಿ) ನಿಮಗೆ, ನಾಚಿಕೆ ಬೇಡ, ಅಲ್ಲಿ ಮೈತೂಕವೇ ಆಸ್ತಿ. ಆದರೆ ಕಾರ್ಪೆಟ್ ಮೇಲೆ ತಳ್ಳಬೇಕು, ಜಿಮ್‌ನ ನುಣುಪು ನೆಲದಲ್ಲಿ ಹಗುರ ಅನಿಸಿದ ಸ್ಲೆಡ್ ಅಲ್ಲಿ ಅಂಟಿಕೊಂಡ ಹಾಗಿರುತ್ತದೆ. ನಿಂತರೆ ಮತ್ತೆ ಹೊರಡಿಸುವುದು ಕಷ್ಟ, ಹಾಗಾಗಿ ಚಿಕ್ಕ ಚಿಕ್ಕ ಹೆಜ್ಜೆ, ನಿಲ್ಲದೆ. ಸಣ್ಣಗಿದ್ದು ಹಗುರ ಇದ್ದರೆ 80 ಮೀಟರ್ ಬರ್ಪಿ ಬ್ರಾಡ್ ಜಂಪ್ (ಪ್ರತಿ ಬರ್ಪಿಗೂ ಮುಂದಕ್ಕೆ ಉದ್ದ ಜಿಗಿತ) ತೆಗೆದುಕೊಳ್ಳಿ, ಅದನ್ನು ಯಾರೂ ಕೇಳುವುದಿಲ್ಲ, ಆಫೀಸಿನಲ್ಲಿ ಒಳ್ಳೆ ಹೆಸರು ಬರುತ್ತೆ. ಎರಡೂ ಬೇಡ ಅಂದರೆ ಫಾರ್ಮರ್ಸ್ ಕ್ಯಾರಿ: ಎರಡು ಕೈಯಲ್ಲಿ ಕೆಟಲ್‌ಬೆಲ್ ಹಿಡಿದು 200 ಮೀಟರ್ ನಡಿಗೆ. ಹೆಂಗಸರಿಗೆ ಒಂದೊಂದು ಕೈಗೆ 16 ಕೆಜಿ. ದೇವರಾಜ ಮಾರುಕಟ್ಟೆಯಿಂದ ಎರಡೂ ಕೈಯಲ್ಲಿ ಚೀಲ ತುಂಬಿಕೊಂಡು ಬಸ್ ಸ್ಟಾಪ್ ತನಕ ನಡೆದವರಿಗೆ ಇದು ಹೊಸದಲ್ಲ.

ಮೊದಲ ಕಿಲೋಮೀಟರನ್ನು ಮಾತಾಡಿಕೊಂಡು ಓಡುವಷ್ಟು ನಿಧಾನ ಓಡಿ. ಮ್ಯೂಸಿಕ್, ಕೂಗಾಟ, ಲೈಟು ನೋಡಿ ಎಲ್ಲರೂ ಆರಂಭದಲ್ಲೇ ಹಾರುತ್ತಾರೆ.

ಪ್ರಶ್ನೆ: ನಾನು ಜಾತ್ರೆಗಳಲ್ಲಿ ಜೋಳದ ಚೀಲ, ಸಂಗ್ರಾಣಿ ಕಲ್ಲು ಎತ್ತುತ್ತೇನೆ. ಬೆಂಗಳೂರಿನ ಗೆಳೆಯರು ತಮ್ಮ ಟೀಮಿಗೆ ಬಾ ಅಂತಿದ್ದಾರೆ. ಜಿಮ್ ಮುಖ ನೋಡಿದವನಲ್ಲ. ಹೋಗಬಹುದಾ?
(ಓದುಗರು, ಬಾಗಲಕೋಟೆ ಜಿಲ್ಲೆ)

ಉತ್ತರ: ಹೋಗಿ ಸ್ವಾಮಿ, ಅವರ ಪುಣ್ಯ! ಕ್ರಾಸ್‌ಫಿಟ್ ಗೇಮ್ಸ್ ಅಂತ ಇಂಥದ್ದೇ ಸ್ಪರ್ಧೆ ಈಗ ಜಗತ್ತೆಲ್ಲ ಹೆಸರು ಮಾಡಿದೆಯಲ್ಲ, ಅದು 2007ರಲ್ಲಿ ಶುರುವಾಗಿದ್ದೂ ಕ್ಯಾಲಿಫೋರ್ನಿಯಾದ ಆರೋಮಾಸ್ ಅನ್ನುವ ಸಣ್ಣ ಊರಿನ ಒಂದು ರಾಂಚ್‌ನಲ್ಲಿ, ಮಣ್ಣಿನ ದಾರಿಯಲ್ಲಿ ಓಡಿಕೊಂಡು. ಈಗ ಅಲ್ಲಿನ ಟೀಮ್ ಅಂದರೆ ಇಬ್ಬರು ಗಂಡಸರು, ಇಬ್ಬರು ಹೆಂಗಸರು. ನಾಲ್ವರೂ ಸಾಲಾಗಿ ನಿಂತು ಒಂದೇ ಉದ್ದನೆಯ ಮರಳು ತುಂಬಿದ ದಿಂಬನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಒಟ್ಟಿಗೇ ದಾಟಿಸುತ್ತಾರೆ. ಅದಕ್ಕೆ ವರ್ಮ್ ಅಂತ ಹೆಸರು.

ಮರಳಿನ ಚೀಲ ಎತ್ತುವುದು, ಹೊರುವುದು ಬಂದರೆ ನಿಮ್ಮನ್ನು ಹಿಡಿಯುವವರಿಲ್ಲ. ಚೀಲವನ್ನು ತೊಡೆಗೆ ತಂದು, ಅಪ್ಪಿ, ಸೊಂಟದಿಂದ ಒದ್ದು ಹೆಗಲಿಗೆ ಹಾಕುವುದನ್ನು ಜಿಮ್ ಹುಡುಗರು ತಿಂಗಳುಗಟ್ಟಲೆ ಕಲಿಯುತ್ತಾರೆ. ತೊಂದರೆ ಆಗುವುದು ಬೇರೆ ಕಡೆ. ಕಲ್ಲು ಎತ್ತುವಾಗ ಒಂದೇ ದಮ್, ಆಮೇಲೆ ಪೇಟ ಸುತ್ತಿಸಿಕೊಂಡು ಕೂರಬಹುದು. ಇಲ್ಲಿ ಚೀಲ ಇಳಿಸಿದ ಮರುಕ್ಷಣ ಓಡಬೇಕು, ಆಮೇಲೆ ಮತ್ತೆ ಎತ್ತಬೇಕು. ಹಾಗಾಗಿ ದಿನಾ ಬೆಳಿಗ್ಗೆ ಹೊಲದ ದಾರಿಯಲ್ಲಿ ಓಡಿ, ಚೀಲದ ತೂಕ ಅರ್ಧಕ್ಕೆ ಇಳಿಸಿ, ಎತ್ತುವುದು ಓಡುವುದು ಎತ್ತುವುದು ಅಂತ ಹತ್ತು ಹನ್ನೆರಡು ನಿಮಿಷ ಮಾಡಿ ನೋಡಿ. ಬಾರ್ಬೆಲ್ ಸ್ನ್ಯಾಚ್ (ನೆಲದಿಂದ ಒಂದೇ ಏಟಿಗೆ ತಲೆಯ ಮೇಲೆ ಎತ್ತುವುದು) ಮಾತ್ರ ಯಾರಾದರೂ ಕೋಚ್ ಹತ್ತಿರ ಕಲಿಯದೆ ಮುಟ್ಟಬೇಡಿ. ಅದನ್ನು ಟೀಮಿನ ಇನ್ನೊಬ್ಬರು ಮಾಡಲಿ.

ಪ್ರಶ್ನೆ: ಎರಡು ವರ್ಕೌಟ್ ನಡುವೆ ಎರಡು ಮೂರು ಗಂಟೆ ಗ್ಯಾಪ್ ಇರುತ್ತೆ. ತಿಂದರೆ ವಾಂತಿ ಬಂದ ಹಾಗೆ ಆಗುತ್ತೆ, ತಿನ್ನದಿದ್ದರೆ ಸುಸ್ತು. ಏನು ತಿನ್ನಬೇಕು?
(ಓದುಗರು, ಮಂಗಳೂರು)

ಉತ್ತರ: ಮುಗಿದ ಅರ್ಧ ಗಂಟೆಯೊಳಗೆ ಸ್ವಲ್ಪ ತಿನ್ನಿ, ಮುಂದಿನದಕ್ಕೆ ಹತ್ತಿರ ಬಂದಾಗ ಅಲ್ಲ. ಎರಡು ನೀರುದೋಸೆ, ಇಡ್ಲಿ, ಬಾಳೆಹಣ್ಣು, ಬೆಲ್ಲದ ಚಿಕ್ಕಿ ಒಂದು ತುಂಡು, ಇಂಥವು. ಗೋಳಿಬಜೆ, ಬಿರಿಯಾನಿ ಭಾನುವಾರ ಸಂಜೆಗೆ ಇರಲಿ. ಪ್ರೋಟೀನ್ ಶೇಕ್ ಹೊಸ ಬ್ರ್ಯಾಂಡ್‌ದು ಅಂತ ಸ್ಟಾಲ್‌ನಲ್ಲಿ ಫ್ರೀ ಕೊಟ್ಟರೂ ಅವತ್ತು ಬೇಡ, ಹೊಟ್ಟೆಗೆ ಅಭ್ಯಾಸ ಇಲ್ಲದ್ದು ಯಾವುದೂ ಬೇಡ. ಕರಾವಳಿಯ ಸೆಕೆಯಲ್ಲಿ ಬೆವರಿನ ಜೊತೆ ಉಪ್ಪೂ ಹೋಗುತ್ತದೆ, ಬರೀ ನೀರು ಗಟಗಟ ಕುಡಿದರೆ ಸಾಲದು. ಮೆಡಿಕಲ್ ಶಾಪಿನ ಓಆರ್‌ಎಸ್ ಪ್ಯಾಕೆಟ್ ತನ್ನಿ, ದೊಡ್ಡ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರ್ ನೀರಿಗೆ ಬೆರೆಸಿ, ನಾಲ್ಕು ಜನ ಸ್ವಲ್ಪ ಸ್ವಲ್ಪ ಕುಡಿಯುತ್ತಿರಿ. ಬಿಪಿ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಕುಡಿಯಿರಿ. ಗ್ಯಾಪ್‌ನಲ್ಲಿ ಮಲಗಿಬಿಡಬೇಡಿ, ಮೈ ಹಿಡಿದುಕೊಳ್ಳುತ್ತದೆ. ನೆರಳಲ್ಲಿ ಕೂತು, ನಡುನಡುವೆ ಎದ್ದು ಓಡಾಡಿ. ಹೀಟ್‌ಗೆ ಇಪ್ಪತ್ತು ನಿಮಿಷ ಇರುವಾಗ ಮತ್ತೆ ವಾರ್ಮ್ ಅಪ್.

ಪ್ರಶ್ನೆ: ಅಂಗೈ ಚರ್ಮ ಪ್ರತಿ ಸಲ ಕಿತ್ತು ಬರುತ್ತೆ.
(ಓದುಗರು, ತುಮಕೂರು)

ಉತ್ತರ: ಉಬ್ಬಿದ ಜಡ್ಡನ್ನು ವಾರಕ್ಕೊಮ್ಮೆ ಸ್ನಾನ ಆದಮೇಲೆ ಉಜ್ಜಿ ಸಮ ಮಾಡಿ, ಚಾಕ್ (ಕೈ ಜಾರದಿರಲು ಹಚ್ಚುವ ಪುಡಿ) ಕಡಿಮೆ ಹಚ್ಚಿ. ಟೀಮ್‌ನಲ್ಲಿದ್ದರೆ ಮೊದಲ ಪ್ರಶ್ನೆಯ ಉತ್ತರ ಓದಿ. ಸಲಕ್ಕೆ ಕಡಿಮೆ ಪುಲ್ ಅಪ್ ಮಾಡಿದರೆ ಚರ್ಮಕ್ಕೂ ಒಳ್ಳೆಯದು.

ಪ್ರಶ್ನೆ: (ಹೆಸರು, ಊರು ಬೇಡ ಅಂದಿದ್ದಾರೆ.) ಸ್ಪರ್ಧೆ ಮುಗಿದು ಎರಡು ದಿನ ಆಯಿತು. ತೋಳು ಊದಿಕೊಂಡು ನೇರ ಆಗುತ್ತಿಲ್ಲ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿದೆ. ಮಸಾಜ್ ಮಾಡಿಸಲಾ?

ಉತ್ತರ: ಈ ಪತ್ರ ನೋಡಿದ ಕೂಡಲೇ ಇಮೇಲ್‌ನಲ್ಲಿ ಉತ್ತರ ಕಳಿಸಿದೆ, ಆಸ್ಪತ್ರೆಗೆ ಹೋಗಿ ಅಡ್ಮಿಟ್ ಆಗಿದ್ದಾರೆ. ಉಳಿದವರಿಗೂ ಗೊತ್ತಿರಲಿ ಅಂತ ಇಲ್ಲಿ ಹಾಕುತ್ತಿದ್ದೇನೆ. ಮಸಾಜ್ ಬೇಡ, ನೋವಿನ ಮಾತ್ರೆಯೂ ಬೇಡ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದನ್ನು ರಾಬ್ಡೊಮಯೊಲಿಸಿಸ್ ಅನ್ನುತ್ತಾರೆ. ರೂಢಿ ಇಲ್ಲದ ಕೆಲಸವನ್ನು ಒಮ್ಮೆಲೇ ವಿಪರೀತ ಮಾಡಿದಾಗ ಸ್ನಾಯು ಒಡೆದು, ಅದರೊಳಗಿನದ್ದು ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಡಾಕ್ಟರ್ ಹತ್ತಿರ ವರ್ಕೌಟ್ ಮಾಡಿದ್ದನ್ನು ಮುಚ್ಚಿಡದೆ ಹೇಳಿ, ಸಿಕೆ ಅನ್ನುವ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಹೆಚ್ಚಾಗಿ ಇದು ಆಗುವುದು ಹಿಂದೆ ಫಿಟ್ ಆಗಿದ್ದು, ತಿಂಗಳುಗಟ್ಟಲೆ ಬಿಟ್ಟು, ಟೀಮಿಗೆ ಒಬ್ಬರು ಕಡಿಮೆ ಬಿದ್ದರು ಅಂತ ಕೊನೇ ಗಳಿಗೆಯಲ್ಲಿ ಸೇರಿಕೊಂಡವರಿಗೆ. ಮನಸ್ಸಿಗೆ ಹಳೆಯ ಲೆಕ್ಕ ನೆನಪಿರುತ್ತದೆ, ತೋಳಿಗೆ ಇರುವುದಿಲ್ಲ.

ಪ್ರಶ್ನೆ: ನಾನೂ ನಮ್ಮ ಯಜಮಾನರೂ ಹೈರಾಕ್ಸ್ ಮಿಕ್ಸೆಡ್ ಡಬಲ್ಸ್ ಮಾಡುತ್ತಿದ್ದೇವೆ. ಪ್ರಾಕ್ಟೀಸ್‌ನಲ್ಲೇ ಜಗಳ ಶುರುವಾಗಿದೆ. ಅವರು ಮುಂದೆ ಓಡಿಬಿಡುತ್ತಾರೆ.
(ಓದುಗರು, ಶಿವಮೊಗ್ಗ)

ಉತ್ತರ: ಓಡಿ ಪ್ರಯೋಜನ ಇಲ್ಲ ಅಂತ ಹೇಳಿ. ಡಬಲ್ಸ್‌ನಲ್ಲಿ ಇಬ್ಬರೂ ಎಂಟು ಕಿಲೋಮೀಟರ್ ಒಟ್ಟಿಗೇ ಓಡಬೇಕು, ಹಂಚಿಕೊಳ್ಳಬಹುದಾದದ್ದು ಐಟಂ ಮಾತ್ರ. ಮೇಲಾಗಿ ಮಿಕ್ಸೆಡ್‌ನಲ್ಲಿ ತೂಕ ಗಂಡಸರದ್ದೇ ಇರುತ್ತದೆ. ಹಾಗಾಗಿ ಓಟಕ್ಕೆ ನಿಮ್ಮ ವೇಗ, ನೀವೇ ಮುಂದೆ, ಅವರು ಹಿಂದೆ. ಉಳಿಸಿಕೊಂಡ ಶಕ್ತಿಯನ್ನು ಅವರು ಸ್ಲೆಡ್‌ನಲ್ಲಿ ಖರ್ಚು ಮಾಡಲಿ, ಅಲ್ಲಿ ಮುಕ್ಕಾಲು ಭಾಗ ಅವರಿಗೇ ಬಿಡಿ. ಇಷ್ಟಕ್ಕೂ ಒಪ್ಪದಿದ್ದರೆ ಅವರು ಸಿಂಗಲ್ಸ್‌ಗೆ ಹೆಸರು ಕೊಡಲಿ, ನೀವು ನಾದಿನಿ ಜೊತೆ ವಿಮೆನ್ಸ್ ಡಬಲ್ಸ್ ಮಾಡಿ, ತೂಕವೂ ಕಡಿಮೆ.